ಹೋದ ಕರೆಂಟು ಮರಳಿ ಬರಬೇಕು: ಮನೆಯಲ್ಲಿ ಕಟ್ಟಿದ ಕಾರಿಗೆ ವೈರಿಂಗ್, ಹಂತ ಹಂತವಾಗಿ

ಕಾರನ್ನು ಮನೆಯಲ್ಲೇ ಕಟ್ಟಲು ಹೊರಟವರಲ್ಲಿ ಒಂದು ವಿಚಿತ್ರ ನೋಡಿದ್ದೇನೆ. ವೆಲ್ಡಿಂಗ್ ಕಲಿಯಲು ಅವರು ಅಂಜುವುದಿಲ್ಲ. ಗುಜರಿ ಕಾರಿನ ಎಂಜಿನ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಾರೆ. ಬ್ರೇಕ್ ಪೈಪು ಬಗ್ಗಿಸುತ್ತಾರೆ. ವೈರಿಂಗ್ ಎಂದ ಕೂಡಲೇ ಮುಖ ಸಣ್ಣದಾಗುತ್ತದೆ. ಇಂಗ್ಲೆಂಡಿನಲ್ಲಿ ಅರ್ಧಕ್ಕೆ ಕೈಬಿಟ್ಟ ಕಿಟ್ ಕಾರುಗಳು ಮಾರಾಟಕ್ಕೆ ಬಂದಾಗ ಜಾಹೀರಾತಿನಲ್ಲಿ ಪದೇ ಪದೇ ಕಾಣುವ ಸಾಲು ಇದೇ: ಎಲ್ಲ ಮುಗಿದಿದೆ, ವೈರಿಂಗ್ ಮಾತ್ರ ಬಾಕಿ.

ನನ್ನ ಕಾರೂ ಒಂದು ಚಳಿಗಾಲವಿಡೀ ಅದೇ ಸ್ಥಿತಿಯಲ್ಲಿ ನಿಂತಿತ್ತು. ಹಳೆಯ ಫೋರ್ಡ್ ಸಿಯೆರಾದಿಂದ ಕಿತ್ತು ತಂದ ವೈರಿಂಗ್ ಸೆಟ್ಟು ಗ್ಯಾರೇಜಿನ ಮೂಲೆಯಲ್ಲಿ ಹೆಬ್ಬಾವಿನಂತೆ ಸುತ್ತಿಕೊಂಡು ಬಿದ್ದಿತ್ತು. ನೋಡಿದಾಗಲೆಲ್ಲ ದೀಪ ಆರಿಸಿ ಮನೆಯೊಳಗೆ ಹೋಗಿಬಿಡುತ್ತಿದ್ದೆ. ಕೊನೆಗೆ ಕೂತು ಮಾಡಿದಾಗ ಆರು ವಾರಾಂತ್ಯ ಹಿಡಿಯಿತು. ಅದರಲ್ಲಿ ಎರಡು ಬರೀ ಕಾಗದ, ಪೆನ್ಸಿಲಿಗೆ ಹೋದವು.

ಕಿಟ್ ಕಾರು ಗೊತ್ತಿಲ್ಲದವರಿಗೆ ಎರಡು ಮಾತು. 1957ರಲ್ಲಿ ಕಾಲಿನ್ ಚಾಪ್ಮನ್ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ತಂದರು. ಬ್ರಿಟನ್ನಿನಲ್ಲಿ ಆಗ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. 1973ರಲ್ಲಿ ತೆರಿಗೆ ಪದ್ಧತಿ ಬದಲಾಗಿ ಆ ಲಾಭ ಹೋಯಿತು. ಸೆವೆನ್ ತಯಾರಿಸುವ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಕಂಪನಿಗೆ ಬಂತು. ಕಟ್ಟುವ ಹುಚ್ಚು ಮಾತ್ರ ಜನರಲ್ಲಿ ಹಾಗೇ ಉಳಿಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಪುಸ್ತಕ ಬರೆದ ಮೇಲಂತೂ ಹಳೆ ಫೋರ್ಡ್‌ಗಳ ಎಂಜಿನ್ನು, ಚೌಕ ಪೈಪಿನ ಷಾಸಿ ಸೇರಿಸಿ ಸೆವೆನ್ ಥರದ ಕಾರು ಮಾಡುವುದು ಅಲ್ಲಿನ ಎಷ್ಟೋ ಗ್ಯಾರೇಜುಗಳ ಭಾನುವಾರದ ಕೆಲಸವಾಯಿತು. ನನ್ನದೂ ಆ ಜಾತಿಯದೇ. ಭಾರತದಲ್ಲಿ ಹೀಗೆ ಕಟ್ಟಿದ ಕಾರನ್ನು ರಸ್ತೆಗೆ ನೋಂದಾಯಿಸುವ ದಾರಿ ಸುಲಭವಿಲ್ಲ. ಆದರೆ ಬಾಹಾ, ಫಾರ್ಮುಲಾ ಭಾರತ್ ಸ್ಪರ್ಧೆಗಳಿಗೆ ಗಾಡಿ ಕಟ್ಟುವ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೂ ಮುಂದೆ ಬರೆಯುವುದರಲ್ಲಿ ಮುಕ್ಕಾಲು ಪಾಲು ಹಾಗೇ ಅನ್ವಯಿಸುತ್ತದೆ.

ಹಂತ 1: ಯಾವುದು ಎಷ್ಟು ಕುಡಿಯುತ್ತದೆ, ಬರೆಯಿರಿ

ವೈರು ಮುಟ್ಟುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಾರಿನಲ್ಲಿ ಕರೆಂಟು ಬೇಡುವ ಪ್ರತಿಯೊಂದು ವಸ್ತುವಿಗೂ ಒಂದು ಸಾಲು. ಬಲ್ಬಿನ ಮೇಲೆ ವ್ಯಾಟ್ ಬರೆದಿರುತ್ತದೆ. ಅದನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 55 ವ್ಯಾಟಿನ ಒಂದು ಹೆಡ್‌ಲೈಟಿಗೆ ಸುಮಾರು 4.6 ಆಂಪಿಯರ್, ಎರಡಕ್ಕೆ 9ರ ಮೇಲೆ. ಬ್ರೇಕ್ ಲೈಟು 21 ವ್ಯಾಟಿನವು ಎರಡು, ಅಂದರೆ 3.5 ಆಂಪಿಯರ್. ಇಂಡಿಕೇಟರೂ ಒಂದು ಬದಿಗೆ ಅಷ್ಟೇ. ನಾಲ್ಕೂ ಮಿನುಗುವಂತೆ ಹಜಾರ್ಡ್ ಹಾಕಿದರೆ ಅದರ ಎರಡರಷ್ಟು. ಹಾರ್ನು, ಪೆಟ್ರೋಲ್ ಪಂಪು, ವೈಪರ್ ಮೋಟಾರು, ಇಗ್ನಿಷನ್ ಒಂದೊಂದನ್ನೂ ಬರೆಯಿರಿ. ರೇಡಿಯೇಟರ್ ಫ್ಯಾನು ದೊಡ್ಡ ಕುಡುಕ: ಓಡುವಾಗ 10ರಿಂದ 20 ಆಂಪಿಯರ್, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು.

ಆಮೇಲೆ ಒಂದು ಕೆಟ್ಟ ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಮಳೆ, ಟ್ರಾಫಿಕ್ಕು, ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲ ಓಡುತ್ತಿವೆ, ಕಾಲು ಬ್ರೇಕಿನ ಮೇಲಿದೆ. ಕೂಡಿಸಿ ನೋಡಿ. ನನ್ನ ಲೆಕ್ಕ 43 ಆಂಪಿಯರಿಗೆ ಬಂತು, ಆಲ್ಟರ್ನೇಟರ್ 55ರದ್ದು. ಅಲ್ಲಿಗೆ ನೆಮ್ಮದಿ.

ಹಂತ 2: ನಕ್ಷೆ, ಬಣ್ಣ

ಇಡೀ ಕಾರನ್ನು ಒಂದೇ ಹಾಳೆಯಲ್ಲಿ ಬಿಡಿಸಲು ಹೋಗಬೇಡಿ, ತಲೆ ಕೆಡುತ್ತದೆ. ಒಂದು ಸರ್ಕ್ಯೂಟಿಗೆ ಒಂದು ಹಾಳೆ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟು ಫ್ಯೂಸ್, ಸ್ವಿಚ್ಚು, ದೀಪ ಎಲ್ಲ ದಾಟಿ ಬ್ಯಾಟರಿಯ ಮೈನಸ್ಸಿಗೆ ಬಂದು ಸೇರುವವರೆಗೂ ಗೆರೆ ಎಳೆಯಿರಿ. ಹೆಚ್ಚಿನವರು ದೀಪದ ಹತ್ತಿರ ಬಂದ ಕೂಡಲೇ ಪೆನ್ಸಿಲ್ ಕೆಳಗಿಡುತ್ತಾರೆ. ಮರಳುವ ದಾರಿಯನ್ನು ಎಳೆಯುವುದೇ ಇಲ್ಲ, 'ಅದು ಬಾಡಿ ಅರ್ತ್ ಬಿಡಿ' ಅನ್ನುತ್ತಾರೆ. ಮುಂದೆ ಕಾಡುವ ತೊಂದರೆಗಳಲ್ಲಿ ಅರ್ಧದಷ್ಟು ಹುಟ್ಟುವುದು ಆ ಕೆಳಗಿಟ್ಟ ಪೆನ್ಸಿಲಿನಿಂದಲೇ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಕಂದು ಬಣ್ಣದ ವೈರು ಬ್ಯಾಟರಿಯಿಂದ ನೇರ ಬರುವ, ಯಾವಾಗಲೂ ಜೀವಂತವಾಗಿರುವ ವೈರು, ಅರ್ತ್ ಕಪ್ಪು. ಜರ್ಮನ್ ಪದ್ಧತಿಯಲ್ಲಿ ಕಂದು ಅಂದರೆ ಅರ್ತ್. ಕೆಂಪು ಬ್ಯಾಟರಿಯದು, ಕಪ್ಪು ಕೀ ತಿರುಗಿಸಿದಾಗ ಬರುವ ಕರೆಂಟು. ಸಿಯೆರಾದಂಥ ಯುರೋಪಿನ ಫೋರ್ಡ್‌ಗಳಲ್ಲೂ ಕಂದು ಅರ್ತೇ. ಈಗ ಸಿಯೆರಾದ ಸೆಟ್ಟಿನಿಂದ ಒಂದು ತುಂಡು, ಹಳೆ ಬ್ರಿಟಿಷ್ ಸ್ವಿಚ್ಚುಗಳ ಒಂದು ತುಂಡು ತಂದು 'ಕಂದಿಗೆ ಕಂದು' ಎಂದು ಜೋಡಿಸಿದರೆ ಬ್ಯಾಟರಿಯನ್ನು ನೇರ ಷಾಸಿಗೆ ಕಟ್ಟಿದ ಹಾಗೆ. ಒಂದು ಪದ್ಧತಿ ಹಿಡಿಯಿರಿ, ಅದನ್ನೇ ಕೊನೆಯವರೆಗೂ ಪಾಲಿಸಿ. ನಾನು ಬ್ರಿಟಿಷ್ ಪದ್ಧತಿ ಹಿಡಿದೆ: ಕೀ ದಾಟಿದ್ದು ಬಿಳಿ, ಅದೇ ಫ್ಯೂಸನ್ನೂ ದಾಟಿದರೆ ಹಸಿರು, ಹೆಡ್‌ಲೈಟಿನದು ನೀಲಿ, ಪಾರ್ಕಿಂಗ್ ಲೈಟಿನದು ಕೆಂಪು, ಎಡ ಇಂಡಿಕೇಟರ್ ಹಸಿರಿನ ಮೇಲೆ ಕೆಂಪು ಗೆರೆ, ಬಲದ್ದು ಹಸಿರಿನ ಮೇಲೆ ಬಿಳಿ ಗೆರೆ. ಎಲ್ಲಕ್ಕೂ ಕೆಂಪು ವೈರೇ ಎಳೆದು 'ನನಗೆ ನೆನಪಿರುತ್ತೆ' ಎಂದ ಗೆಳೆಯನೊಬ್ಬನಿದ್ದಾನೆ. ಅವನಿಗೆ ನೆನಪಿಲ್ಲ.

ಹಂತ 3: ವೈರಿನ ದಪ್ಪ, ಫ್ಯೂಸಿನ ಅಳತೆ

ಮನೆಯ ವೈರಿಂಗಿಗೆ ಬಳಸುವ ವೈರು ಬೇಡ. ವಾಹನಗಳಿಗೆಂದೇ ಬರುವ, ಸಣ್ಣ ಎಳೆಗಳು ತುಂಬಿದ, ತೆಳು ಹೊದಿಕೆಯ ವೈರು ತನ್ನಿ. ಅದರಲ್ಲಿ 0.5 ಚದರ ಮಿ.ಮೀ.ನದ್ದು 11 ಆಂಪಿಯರ್, 1.0 ಇರುವುದು 16.5, 2.0 ಇರುವುದು 25, 3.0 ಇರುವುದು 33 ಆಂಪಿಯರ್ ಹೊರುತ್ತದೆ. ಹೊರುತ್ತದೆ ಅಂದರೆ ಸುಡುವುದಿಲ್ಲ ಅಂತಷ್ಟೇ. ದಾರಿಯಲ್ಲಿ ವೋಲ್ಟೇಜು ಸೋರುವುದು ಬೇರೆ ಲೆಕ್ಕ.

ಉದಾಹರಣೆಗೆ, ಎರಡೂ ಹೆಡ್‌ಲೈಟುಗಳಿಗೆ 1.0ರ ಒಂದೇ ವೈರನ್ನು 4 ಮೀಟರ್ ಎಳೆದಿರಿ ಅನ್ನಿ. 9 ಆಂಪಿಯರ್ ಹರಿದರೆ ಆ ವೈರಿನಲ್ಲೇ 0.6 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಅಷ್ಟೇ ತಾನೇ ಅನಿಸಬಹುದು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುತ್ತದೆ. ಆ ಅರ್ಧ ಚಿಲ್ಲರೆ ವೋಲ್ಟಿಗೆ ಸುಮಾರು ಶೇ. 15ರಷ್ಟು ಬೆಳಕು ಹೋಗಿರುತ್ತದೆ. ಮರಳಿ ಬರುವ ಅರ್ತ್ ವೈರಿನ ಉದ್ದವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಆದ್ದರಿಂದ ಎಡಕ್ಕೊಂದು ಬಲಕ್ಕೊಂದು 1.5ರ ವೈರು ಎಳೆದು, ಒಂದೊಂದಕ್ಕೂ 10 ಆಂಪಿಯರಿನ ಪ್ರತ್ಯೇಕ ಫ್ಯೂಸ್ ಹಾಕಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕತ್ತಲ ತಿರುವಿನಲ್ಲಿ ಫ್ಯೂಸ್ ಹೋದರೂ ಒಂದು ಕಣ್ಣಾದರೂ ಉಳಿದಿರುತ್ತದೆ.

ಫ್ಯೂಸ್ ಇರುವುದು ದೀಪವನ್ನೋ ಪಂಪನ್ನೋ ಉಳಿಸಲು ಎಂದು ತುಂಬ ಜನ ನಂಬಿದ್ದಾರೆ. ಅದು ಉಳಿಸುವುದು ವೈರನ್ನು. ಹಾಗಾಗಿ ಫ್ಯೂಸಿನ ಅಳತೆ ವೈರು ಹೊರುವ ಶಕ್ತಿಗಿಂತ ಕಡಿಮೆ ಇರಬೇಕು, ವಸ್ತು ಕುಡಿಯುವುದಕ್ಕಿಂತ ಒಂದೂಕಾಲರಿಂದ ಒಂದೂವರೆಯಷ್ಟು ಹೆಚ್ಚಿರಬೇಕು. ಹೆಡ್‌ಲೈಟಿನಂಥ ಬಲ್ಬು ಹೊತ್ತುವ ಕ್ಷಣದಲ್ಲಿ ಹೆಚ್ಚು ಎಳೆಯುವುದರಿಂದ ಅದಕ್ಕೆ ಇನ್ನೂ ಸ್ವಲ್ಪ ಸಡಿಲ ಬಿಡಬಹುದು. ಚಪ್ಪಟೆ ಫ್ಯೂಸುಗಳ ಬಣ್ಣ ಎಲ್ಲ ಕಡೆ ಒಂದೇ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಫ್ಯೂಸ್ ಬಾಕ್ಸು ಬ್ಯಾಟರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲಿಲ್ಲ. ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿಗಂತೂ ಫ್ಯೂಸೇ ಇರುವುದಿಲ್ಲ, ಅದು ನೂರೈವತ್ತಕ್ಕೂ ಮೀರಿ ಆಂಪಿಯರ್ ಎಳೆಯುತ್ತದೆ. ಆ ಕೇಬಲ್ಲು ಗಿಡ್ಡವಾಗಿರಲಿ, 25 ಚದರ ಮಿ.ಮೀ.ಗಿಂತ ಸಣ್ಣದು ಬೇಡ. ಎಲ್ಲೂ ಕಬ್ಬಿಣದ ಅಂಚಿಗೆ ತಾಗದಂತೆ ರಬ್ಬರ್ ಹಾಕಿ.

ಹಂತ 4: ರಿಲೇ

ನಮ್ಮೂರ ಆಟೊ ಎಲೆಕ್ಟ್ರಿಕ್ ಅಂಗಡಿಗಳಲ್ಲಿ 'ಟಿಕ್ ಅನ್ನೋ ಡಬ್ಬಿ' ಅನ್ನುತ್ತಿದ್ದರು. ಸಣ್ಣ ಕರೆಂಟಿನ ಮಾತು ಕೇಳಿ ದೊಡ್ಡ ಕರೆಂಟನ್ನು ಬಿಡುವ ಬಾಗಿಲು ಅದು. ಒಳಗಿನ ಕಾಯಿಲ್ಲು ಕುಡಿಯುವುದು 0.2 ಆಂಪಿಯರ್ ಆಸುಪಾಸು. ಬಾಗಿಲು ಬಿಡುವುದು 30 ಆಂಪಿಯರ್. ಹೀಗಾಗಿ ಡ್ಯಾಶ್‌ಬೋರ್ಡಿನ ನಾಜೂಕು ಸ್ವಿಚ್ಚು ಫ್ಯಾನಿನ ಹೊರೆ ಹೊರಬೇಕಿಲ್ಲ. ಹೆಡ್‌ಲೈಟಿನ ಡಿಮ್ಮು, ಬ್ರೈಟು, ಹಾರ್ನು, ಫ್ಯಾನು, ಪೆಟ್ರೋಲ್ ಪಂಪು, ಈ ಐದಕ್ಕೂ ರಿಲೇ ಇರಲಿ.

ರಿಲೇಯನ್ನು ಮಗುಚಿ ನೋಡಿದರೆ ಕಾಲುಗಳ ಪಕ್ಕ ಸಂಖ್ಯೆಗಳಿರುತ್ತವೆ. ಫ್ಯೂಸಿನಿಂದ ಬಂದ ಕರೆಂಟು 30ಕ್ಕೆ. ದೀಪಕ್ಕೆ ಹೋಗುವುದು 87ರಿಂದ. 85, 86 ಎರಡು ಕಾಯಿಲ್ಲಿನವು: ಒಂದಕ್ಕೆ ಸ್ವಿಚ್ಚು, ಇನ್ನೊಂದಕ್ಕೆ ಅರ್ತ್. ಐದು ಕಾಲಿನ ರಿಲೇಯಲ್ಲಿ ನಡುವೆ 87ಎ ಎಂಬುದೂ ಇರುತ್ತದೆ. ಸ್ವಿಚ್ಚು ಹಾಕದಿದ್ದಾಗ ಅದಕ್ಕೆ ಕರೆಂಟು ಬರುತ್ತದೆ. ಮರೆತು ಫ್ಯಾನನ್ನು ಅಲ್ಲಿಗೆ ಕೊಟ್ಟರೆ ಎಂಜಿನ್ ತಣ್ಣಗಿದ್ದಾಗ ಓಡುತ್ತದೆ, ಕಾದಾಗ ನಿಲ್ಲುತ್ತದೆ! ಇನ್ನೊಂದು ಮೋಸ: ಹೊರಗಿನಿಂದ ಒಂದೇ ಥರ ಕಾಣುವ ರಿಲೇಗಳಲ್ಲಿ 30, 86 ಜಾಗ ಅದಲುಬದಲಾಗಿರುವ ಎರಡು ಬಗೆಗಳಿವೆ. ಜಾಗ ನೋಡಿ ಜೋಡಿಸಬೇಡಿ, ಸಂಖ್ಯೆ ಓದಿ ಜೋಡಿಸಿ.

ಪೆಟ್ರೋಲ್ ಪಂಪಿನ ರಿಲೇಗೆ ಹೋಗುವ ವೈರಿನಲ್ಲಿ ಇನರ್ಷಿಯಾ ಸ್ವಿಚ್ಚು ಹಾಕಿ. ಡಿಕ್ಕಿಯಾದಾಗ ಅದು ತಾನೇ ಪಂಪನ್ನು ನಿಲ್ಲಿಸುತ್ತದೆ. ಗುಜರಿ ಫೋರ್ಡ್‌ಗಳಲ್ಲಿ ಪುಕ್ಕಟೆ ಎನ್ನುವಷ್ಟು ಅಗ್ಗಕ್ಕೆ ಸಿಗುತ್ತದೆ.

ಹಂತ 5: ಅರ್ತ್

ಈಗ ಮುಖ್ಯ ವಿಷಯಕ್ಕೆ ಬಂದೆವು. ಅರ್ತ್ ಇಲ್ಲದ ವೈರಿಂಗಿಗೆ ಅರ್ಥವಿಲ್ಲ ಎಂದು ಊರಿನ ಮಿಸ್ತ್ರಿಯೊಬ್ಬರು ನಗುತ್ತಿದ್ದರು. ನನಗೆ ಆ ಮಾತು ತಿಳಿದದ್ದು ಕ್ಲಚ್ ಕೇಬಲ್ಲಿನಿಂದ ಹೊಗೆ ಬಂದ ದಿನ.

ಎಂಜಿನ್ ಕೂರಿಸಿ, ಬ್ಯಾಟರಿ ಕಟ್ಟಿ, ಮೊದಲ ಸಲ ಕೀ ತಿರುಗಿಸಿದ್ದೆ. ಸ್ಟಾರ್ಟರ್ ಒಮ್ಮೆ ನರಳಿತು, ಅರ್ಧ ಸುತ್ತು ತಿರುಗಿತು, ನಿಂತಿತು. ಬ್ಯಾಟರಿ ವೀಕಾಗಿರಬೇಕೆಂದು ಇನ್ನೊಮ್ಮೆ ತಿರುಗಿಸಿದೆ. ಪೆಡಲುಗಳ ಕಡೆಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಗ್ಗಿ ನೋಡಿದರೆ ಕ್ಲಚ್ ಕೇಬಲ್ಲಿನ ಹೊದಿಕೆ ಮೆತ್ತಗಾಗಿ ತೆಳ್ಳಗೆ ಹೊಗೆಯಾಡುತ್ತಿತ್ತು. ಕ್ಲಚ್ಚಿಗೂ ಕರೆಂಟಿಗೂ ಏನು ಸಂಬಂಧ? ಸಂಬಂಧ ಇಷ್ಟೇ: ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ. ಬ್ಯಾಟರಿಯ ಮೈನಸ್ಸನ್ನು ಷಾಸಿಗೆ ಕಟ್ಟಿದ್ದೆ, ಷಾಸಿಯಿಂದ ಎಂಜಿನ್ನಿಗೆ ಕಟ್ಟಬೇಕಾದ ಪಟ್ಟಿಯನ್ನು ಮರೆತಿದ್ದೆ. ಸ್ಟಾರ್ಟರಿಗೆ ಹೋದ ಕರೆಂಟು ಮರಳುವ ದಾರಿ ಹುಡುಕಿದಾಗ ಎಂಜಿನ್ನಿನಿಂದ ಷಾಸಿಗೆ ಕಬ್ಬಿಣದ ಸಂಪರ್ಕ ಇದ್ದದ್ದು ಆ ಬಡಪಾಯಿ ಕೇಬಲ್ಲಿನದು ಒಂದೇ.

ಆದ್ದರಿಂದ ಮೊದಲ ಅರ್ತ್: ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ ಬ್ಲಾಕಿಗೆ ಅಥವಾ ಗೇರ್‌ಬಾಕ್ಸಿಗೆ, ಪ್ಲಸ್ ಕೇಬಲ್ಲಿನಷ್ಟೇ ದಪ್ಪದ್ದು. ಎರಡನೆಯದು ಷಾಸಿಗೆ. ಅಲ್ಲಿಂದ ಮುಂದೆ ಮೂರು ಅರ್ತ್ ಬಿಂದುಗಳು ಸಾಕು: ಮೂತಿಯ ಹತ್ತಿರ ಒಂದು, ಡ್ಯಾಶ್ ಹಿಂದೆ ಒಂದು, ಹಿಂಬದಿಯಲ್ಲಿ ಒಂದು.

ಅರ್ತ್ ಬಿಂದು ಮಾಡುವುದು ಹೀಗೆ. ಷಾಸಿಗೆ ಪೌಡರ್ ಕೋಟಿಂಗ್ ಮಾಡಿಸಿರುತ್ತೀರಿ. ನೋಡಲು ಚೆಂದ, ಕರೆಂಟಿಗೆ ಗೋಡೆ. 8 ಮಿ.ಮೀ. ಬೋಲ್ಟು ಕೂರುವ ಕಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಕಬ್ಬಿಣ ಹೊಳೆಯುವವರೆಗೂ ಕೆರೆಯಿರಿ. ಮೇಲೆ ಹಲ್ಲಿರುವ ವಾಷರ್, ಅದರ ಮೇಲೆ ಉಂಗುರದ ಲಗ್ಗು, ಮತ್ತೆ ವಾಷರ್, ನಟ್ಟು. ಬಿಗಿದ ಮೇಲೆ ಸುತ್ತ ವ್ಯಾಸಲೀನ್ ಬಳಿಯಿರಿ, ತುಕ್ಕು ಹಿಡಿಯುವುದಿಲ್ಲ. ಬಿಗಿಯುವ ಮೊದಲೇ ಬಳಿದು ಲಗ್ಗಿನ ಕೆಳಗೆ ಪದರ ಕೂರಿಸಬೇಡಿ.

ಸೆವೆನ್ ಥರದ ಕಾರುಗಳ ಮೂತಿ, ಚಕ್ರದ ಮೇಲಿನ ಮಡ್‌ಗಾರ್ಡ್ ಎಲ್ಲ ಫೈಬರ್‌ಗ್ಲಾಸಿನವು. ಫೈಬರ್‌ಗ್ಲಾಸಿನಲ್ಲಿ ಕರೆಂಟು ಹರಿಯುವುದಿಲ್ಲ. ಕಾರ್ಖಾನೆಯ ಕಾರಿನಲ್ಲಿ ದೀಪದ ಸ್ಕ್ರೂ ಬಾಡಿಗೆ ತಾಗಿದರೆ ಅರ್ತ್ ಆಯಿತು, ಇಲ್ಲಿ ಹಾಗಲ್ಲ. ಇಂಡಿಕೇಟರು, ಹಿಂಬದಿಯ ದೀಪ, ನಂಬರ್ ಪ್ಲೇಟಿನ ದೀಪ, ಎಲ್ಲಕ್ಕೂ ಒಂದೊಂದು ಕಪ್ಪು ವೈರು ಎಳೆಯಲೇಬೇಕು. ಅರ್ತ್ ಸರಿಯಿಲ್ಲದಿದ್ದರೆ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟಿನೊಳಗೆ ನುಸುಳಿ ದಾರಿ ಮಾಡಿಕೊಳ್ಳುತ್ತದೆ. ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪವೂ ಜೊತೆಗೆ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟು ಮಂಕಾಗುತ್ತದೆ. ದೆವ್ವ ಹಿಡಿದಂತೆ ಆಡುವ ದೀಪ ಕಂಡರೆ ಸ್ವಿಚ್ಚು ಬಿಚ್ಚುವ ಮೊದಲು ಕಪ್ಪು ವೈರು ನೋಡಿ.

ಹಂತ 6: ದಾರದಿಂದ ಅಳತೆ, ಹಲಗೆಯ ಮೇಲೆ ಕಟ್ಟು

ವೈರನ್ನು ಕಾರಿನ ಮೇಲೇ ಅಳೆದು ಕತ್ತರಿಸಲು ಹೋದರೆ ಗಿಡ್ಡವಾಗುವುದು ಖಂಡಿತ. ಗೋಣಿ ಹೊಲಿಯುವ ದಾರ ತೆಗೆದುಕೊಂಡು, ವೈರು ಹೋಗುವ ದಾರಿಯಲ್ಲೇ ಷಾಸಿಗೆ ಟೇಪಿನಿಂದ ಅಂಟಿಸುತ್ತ ಹೋಗಿ. ಕವಲೊಡೆಯುವಲ್ಲಿ ಗಂಟು ಹಾಕಿ. ಆ ದಾರದ ಜಾಲವನ್ನು ಹಾಗೇ ಎತ್ತಿ ಪ್ಲೈವುಡ್ ಹಲಗೆಯ ಮೇಲೆ ಹರಡಿ, ಗಂಟಿರುವಲ್ಲೆಲ್ಲ ಮೊಳೆ ಹೊಡೆಯಿರಿ. ಈಗ ವೈರುಗಳನ್ನು ಮೊಳೆಗಳ ನಡುವೆ ಒಂದೊಂದಾಗಿ ಎಳೆಯುವುದು. ಪ್ರತಿ ತುದಿಯಲ್ಲಿ ಗೇಣುದ್ದ ಹೆಚ್ಚಿಗೆ ಬಿಡಿ. ಎರಡೂ ತುದಿಗೆ ಚೀಟಿ ಕಟ್ಟಿ. ಒಂದೇ ತುದಿಗೆ ಕಟ್ಟಿದ ಚೀಟಿ ಇನ್ನೊಂದು ತುದಿಯಲ್ಲಿ ನಿಂತಾಗ ಉಪಯೋಗಕ್ಕೆ ಬಾರದು. ಮುಂದಕ್ಕೆರಡು, ಹಿಂದಕ್ಕೆರಡು ಖಾಲಿ ವೈರು ಈಗಲೇ ಸೇರಿಸಿ. ಮುಂದೆ ಏನಾದರೂ ನೆನಪಾಗಿಯೇ ಆಗುತ್ತದೆ.

ಮೂತಿ ಬಿಚ್ಚಲು ಬರುವಂಥದ್ದು, ಡ್ಯಾಶ್‌ಬೋರ್ಡೂ ಅಷ್ಟೇ. ಆ ಜಾಗಗಳಲ್ಲಿ ನೀರು ಹೋಗದ ಪ್ಲಗ್ಗು ಇರಲಿ. ಕವಲುಗಳಲ್ಲಿ ಮಾತ್ರ ಟೇಪು ಸುತ್ತಿ, ಉಳಿದದ್ದನ್ನು ದಾರದಿಂದಲೋ ಟೈಯಿಂದಲೋ ಸಡಿಲವಾಗಿ ಕಟ್ಟಿಡಿ. ಪೂರ್ತಿ ಸುತ್ತುವ ಆಸೆ ಈಗಲೇ ಬೇಡ. ಪರೀಕ್ಷೆ ಮುಗಿಯುವವರೆಗೂ ಹೊಟ್ಟೆ ತೆರೆದೇ ಇರಲಿ.

ಹಂತ 7: ತುದಿ ಜೋಡಣೆ

ಬೆಸುಗೆಯೋ, ವೈರಿನ ತುದಿಗೆ ಟರ್ಮಿನಲ್ಲನ್ನು ಒತ್ತಿ ಹಿಡಿಸುವ ಕ್ರಿಂಪೋ ಎಂಬ ಜಗಳ ಹಳೆಯದು. ಕಾರಿನಲ್ಲಿ ನಾನು ಕ್ರಿಂಪ್ ಪಕ್ಷ. ಬೆಸುಗೆ ಹಾಕಿದಾಗ ಸೀಸ ಎಳೆಗಳೊಳಗೆ ಏರಿ ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಆ ಗಟ್ಟಿ ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗುವ ಜಾಗದಲ್ಲೇ ಕಂಪನಕ್ಕೆ ಮುರಿಯುತ್ತದೆ. ಆದರೆ ಕ್ರಿಂಪ್ ಮಾಡಲು ಮಾಮೂಲಿ ಇಕ್ಕಳ ಸಾಲದು. ಪೂರ್ತಿ ಒತ್ತದೆ ಬಾಯಿ ಬಿಡದ ರ‍್ಯಾಚೆಟ್ ಇಕ್ಕಳವೇ ಬೇಕು. ಇಡೀ ಕೆಲಸದಲ್ಲಿ ಹಣ ಉಳಿಸಬಾರದ ವಸ್ತು ಇದೊಂದೇ.

ಟರ್ಮಿನಲ್ಲಿಗೆ ಎರಡು ಜೊತೆ ಕಿವಿಗಳಿರುತ್ತವೆ. ಮುಂದಿನ ಜೊತೆ ತಾಮ್ರವನ್ನು ಹಿಡಿಯಬೇಕು, ಹಿಂದಿನ ಜೊತೆ ಹೊದಿಕೆಯನ್ನು. ತಾಮ್ರದ ಮೇಲೆ ಹೊದಿಕೆ ನುಸುಳಬಾರದು, ಒಂದೇ ಒಂದು ಎಳೆಯೂ ಹೊರಗೆ ಉಳಿಯಬಾರದು. ಮಾಡಿದ ಮೇಲೆ ಎಳೆದು ನೋಡಿ, ಹಟ ಹಿಡಿದ ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಳ್ಳುವಷ್ಟು ಜೋರಾಗಿ. ಕಿತ್ತು ಬಂದರೆ ಗ್ಯಾರೇಜಿನಲ್ಲೇ ಬಂತಲ್ಲ ಎಂದು ಸಂತೋಷಪಡಿ. ಜೋಡಣೆಯನ್ನು ಮುಚ್ಚುವ ಸ್ಲೀವನ್ನು ವೈರಿಗೆ ತೂರಿಸಿಕೊಂಡ ಮೇಲೇ ಟರ್ಮಿನಲ್ ಹಾಕಬೇಕು ಎಂಬುದನ್ನು ನೀವು ಮರೆಯುತ್ತೀರಿ, ಎಲ್ಲರೂ ಮರೆಯುತ್ತಾರೆ.

ಹಂತ 8: ಕಾರಿಗೆ ಏರಿಸುವುದು

ಸೈಲೆನ್ಸರ್ ಪೈಪಿನಿಂದ ದೂರ, ತಿರುಗುವ ಪ್ರೊಪೆಲ್ಲರ್ ಶಾಫ್ಟಿನಿಂದ ದೂರ, ಪೆಟ್ರೋಲ್ ಪೈಪಿನ ಜೊತೆ ಕಟ್ಟುವುದಂತೂ ಬೇಡ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮೊದಲು ಐವಿಎ ಎಂಬ ಪರೀಕ್ಷೆ ದಾಟಬೇಕು. ವೈರನ್ನು 300 ಮಿ.ಮೀ.ಗೊಂದು ಕಡೆಯಾದರೂ ಬಿಗಿದಿರಬೇಕೆಂಬುದು ಅಲ್ಲಿನ ನಿಯಮ. ನಿಯಮ ಇಲ್ಲದ ಕಡೆಯೂ ಅದು ಒಳ್ಳೆಯ ಅಳತೆಯೇ.

ಹಂತ 9: ಬಲ್ಬಿನ ಕಾವಲಿನಲ್ಲಿ ಮೊದಲ ಕರೆಂಟು

ಬ್ಯಾಟರಿಯನ್ನು ನೇರ ಜೋಡಿಸಿ ಕಣ್ಣು ಮುಚ್ಚಿ ದೇವರನ್ನು ನೆನೆಯುವ ಪದ್ಧತಿಯೊಂದಿದೆ. ಅದಕ್ಕಿಂತ ಒಳ್ಳೆಯದು 21 ವ್ಯಾಟಿನ ಒಂದು ಬ್ರೇಕ್ ಲೈಟ್ ಬಲ್ಬು.

ಎಲ್ಲ ಫ್ಯೂಸನ್ನೂ ತೆಗೆಯಿರಿ. ಸ್ಟಾರ್ಟರಿನ ದಪ್ಪ ಕೇಬಲ್ಲನ್ನು ಬಿಚ್ಚಿ ತುದಿಗೆ ಟೇಪು ಸುತ್ತಿ ಪಕ್ಕಕ್ಕಿಡಿ. ಬ್ಯಾಟರಿಯ ಪ್ಲಸ್ಸಿಗೂ ನಿಮ್ಮ ಫ್ಯೂಸ್ ಬಾಕ್ಸಿಗೆ ಬರುವ ವೈರಿಗೂ ನಡುವೆ ಆ ಬಲ್ಬನ್ನು ಸೇರಿಸಿ. ಮೈನಸ್ ಕೊನೆಗೆ ಜೋಡಿಸಿ. ಯಾವಾಗಲೂ ಮೈನಸ್ ಕೊನೆಗೆ, ಬಿಚ್ಚುವಾಗ ಮೈನಸ್ ಮೊದಲು. ಏಕೆಂದರೆ ಪ್ಲಸ್ ಬಿಗಿಯುವಾಗ ಸ್ಪ್ಯಾನರ್ ಷಾಸಿಗೆ ತಾಗಿದರೂ ಮರಳುವ ದಾರಿ ಇಲ್ಲದಿದ್ದರೆ ಕಿಡಿಯಿಲ್ಲ.

ಬಲ್ಬು ಹೊತ್ತಲಿಲ್ಲವೇ? ಒಳ್ಳೆಯದು. ಒಂದು ಫ್ಯೂಸ್ ಹಾಕಿ, ಆ ಸರ್ಕ್ಯೂಟಿನ ಸ್ವಿಚ್ಚು ಒತ್ತಿ. ಪಾರ್ಕಿಂಗ್ ಲೈಟು ಹಾಕಿದರೆ ಕಾವಲು ಬಲ್ಬೂ ಪಾರ್ಕಿಂಗ್ ಲೈಟೂ ಹಂಚಿಕೊಂಡು ಮಂಕಾಗಿ ಹೊತ್ತುತ್ತವೆ. ಕಾವಲು ಬಲ್ಬು ಒಂದೇ ಝಗ್ಗನೆ ಪೂರ್ತಿ ಹೊತ್ತಿ ಕಾರಿನ ದೀಪ ಸತ್ತಂತಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಹೆದರಬೇಕಿಲ್ಲ: ಆ ಬಲ್ಬು 2 ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲ, ವೈರು ಸುಡುವುದಿಲ್ಲ. ಬಲ್ಬು ಹೊತ್ತಿರುವಾಗಲೇ ವೈರನ್ನು ಅಲ್ಲಲ್ಲಿ ಅಲುಗಾಡಿಸುತ್ತ ಹೋಗಿ. ಯಾವ ಜಾಗ ಮುಟ್ಟಿದಾಗ ಆರುತ್ತದೋ ಅಲ್ಲೇ ಕಳ್ಳ. ನನಗೆ ಸಿಕ್ಕಿದ್ದು ಹಿಂಬದಿಯಲ್ಲಿ, ರಿವೆಟ್ಟಿನ ಚೂಪು ತುದಿ ಕೊರೆದ ಹಸಿರು ವೈರು. ಹೆಡ್‌ಲೈಟು, ಫ್ಯಾನಿನಂಥ ದೊಡ್ಡ ಹೊರೆಗಳಿಗೆ ಕಾವಲು ಬಲ್ಬೇ ಹೆಚ್ಚು ಬೆಳಗುತ್ತದೆ, ಅದು ದೋಷವಲ್ಲ. ಅಂಥವನ್ನು ಉಳಿದದ್ದೆಲ್ಲ ಸರಿಯಾದ ಮೇಲೆ ಬಲ್ಬು ತೆಗೆದು, ಫ್ಯೂಸ್ ಹಾಕಿ ನೋಡಿ.

ಇನ್ನು ಅರ್ತಿನ ಪರೀಕ್ಷೆ. ಮಲ್ಟಿಮೀಟರಿನ ಕಿರ್ ಶಬ್ದವನ್ನು ನಂಬಬೇಡಿ. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಅದು ಕಿರ್ ಅನ್ನುತ್ತದೆ. 5 ಆಂಪಿಯರ್ ಹೊರುವುದು ಆ ಒಂದು ಎಳೆಯಿಂದ ಆಗದು. ದೀಪ ಹೊತ್ತಿಸಿ, ಮೀಟರನ್ನು ವೋಲ್ಟಿಗಿಟ್ಟು, ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ದೀಪದ ಕಪ್ಪು ವೈರಿನ ತುದಿಗೆ ಹಿಡಿಯಿರಿ. 0.1 ವೋಲ್ಟಿನ ಆಸುಪಾಸು ತೋರಿಸಿದರೆ ಮರಳುವ ದಾರಿ ಚೊಕ್ಕ. ಅರ್ಧ ವೋಲ್ಟ್ ತೋರಿಸಿದರೆ ಬೋಲ್ಟು ಬಿಚ್ಚಿ ಮತ್ತೆ ಕೆರೆಯಿರಿ.

ಹಂತ 10: ಎಂಜಿನ್ ಶುರು

ಸ್ಟಾರ್ಟರ್ ಕೇಬಲ್ ಮತ್ತೆ ಜೋಡಿಸಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಕೀ ತಿರುಗಿಸಿ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. 12.5ರಲ್ಲೇ ನಿಂತಿದೆಯೆಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅದನ್ನು ಬಯ್ಯುವ ಮೊದಲು ಡ್ಯಾಶಿನ ಕೆಂಪು ಚಾರ್ಜ್ ದೀಪ ನೋಡಿ. ಹಳೆಯ ಆಲ್ಟರ್ನೇಟರುಗಳು ಎಚ್ಚರಗೊಳ್ಳಲು ಬೇಕಾದ ಮೊದಲ ಗುಟುಕು ಕರೆಂಟು ಆ 2 ವ್ಯಾಟಿನ ಬಲ್ಬಿನ ಮೂಲಕವೇ ಬರಬೇಕು. ಚೆಂದಕ್ಕೆಂದು ಅಲ್ಲಿ ಎಲ್‌ಇಡಿ ಹಾಕಿದ್ದರೆ ಅಷ್ಟು ಕರೆಂಟು ಹೋಗುವುದಿಲ್ಲ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೂ ಹಳೆ ಫ್ಲ್ಯಾಷರ್ ಹುಚ್ಚೆದ್ದು ಮಿನುಗುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು, ಐವಿಎಯಲ್ಲಿ ಎಣಿಸಿಯೇ ನೋಡುತ್ತಾರೆ. ಹಿಂಬದಿಯ ಫಾಗ್ ಲೈಟು ಅಲ್ಲಿ ಕಡ್ಡಾಯ: ಅದು ಹೆಡ್‌ಲೈಟ್ ಹೊತ್ತಿದ್ದಾಗ ಮಾತ್ರ ಹೊತ್ತಬೇಕು, ಬ್ರೇಕ್ ದೀಪದಿಂದ 100 ಮಿ.ಮೀ.ಗಿಂತ ದೂರವಿರಬೇಕು.

ಸ್ಪರ್ಧೆಯ ಗಾಡಿ ಕಟ್ಟುವವರಿಗೆ ಒಂದು ಮಾತು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಬ್ಯಾಟರಿಯೊಂದನ್ನೇ ಕಡಿಯುವ ಸ್ವಿಚ್ಚು ಹಾಕಿದರೆ ಎಂಜಿನ್ ನಿಲ್ಲದೇ ಇರಬಹುದು. ಆಲ್ಟರ್ನೇಟರೇ ಇಗ್ನಿಷನ್ನಿಗೆ ಕರೆಂಟು ಕೊಡುತ್ತಿರುತ್ತದೆ. ಇಗ್ನಿಷನ್ನನ್ನೂ ಒಟ್ಟಿಗೇ ಕಡಿಯುವ, ಹೆಚ್ಚಿನ ಕಾಲುಗಳಿರುವ ಸ್ವಿಚ್ಚನ್ನೇ ತನ್ನಿ. ಪರೀಕ್ಷಕರ ಮುಂದೆ ಹೋಗುವ ಮೊದಲು ಎಂಜಿನ್ ಓಡುತ್ತಿರುವಾಗಲೇ ತಿರುಗಿಸಿ ನೋಡಿ.

ಎಲ್ಲ ಆದ ಮೇಲೆ ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ ನಡುವೆ ಮೀಟರನ್ನು ಆಂಪಿಯರಿಗಿಟ್ಟು ಸೇರಿಸಿ. 50 ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಯಾವುದೋ ಒಂದು ಸದ್ದಿಲ್ಲದೆ ಕುಡಿಯುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದರೆ ಯಾವುದೆಂದು ಸಿಗುತ್ತದೆ. ಆಗ ಮಾತ್ರ ಟೇಪು ಪೂರ್ತಿ ಸುತ್ತಿ.

ನಕ್ಷೆಯ ಹಾಳೆಗಳನ್ನು ಎಸೆಯಬೇಡಿ. ಕೆಲಸದ ನಡುವೆ ಬದಲಾಯಿಸಿದ ಬಣ್ಣಗಳನ್ನು ಅದರಲ್ಲಿ ತಿದ್ದಿ, ತಾರೀಖು ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸೀಟಿನ ಹಿಂದೆ ಇಡಿ. ಜೊತೆಗೆ ಪ್ರತಿ ಅಳತೆಯ ಎರಡೆರಡು ಫ್ಯೂಸ್. ಮೊದಲ 500 ಕಿಲೋಮೀಟರ್ ಓಡಿಸಿದ ಮೇಲೆ ಅರ್ತ್ ಬೋಲ್ಟುಗಳಿಗೆಲ್ಲ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ನನ್ನ ಕಾರಿನಲ್ಲಿ ಹಿಂಬದಿಯದು ಕಾಲು ಸುತ್ತು ಸಡಿಲವಾಗಿತ್ತು.